ಫಟಫಟಿಗೊಂದು ಕೌದಿ

ಕೂಡುವುದೆಂದರೆ ಏನೂ ಮಾಡದೆ ಇರುವುದು ಎಂದು ಬಹಳ ಜನ ತಿಳಿದಿರುತ್ತಾರೆ. ಸುಮಾರು ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ಕೂಡಿಸುತ್ತ ಬಂದಿರುವ ನನ್ನನ್ನು ಕೇಳಿದರೆ, ಅದಕ್ಕಿಂತ ಕಠಿಣವಾದ ಕೆಲಸ ಇನ್ನೊಂದಿಲ್ಲ. ನಾಲ್ಕನೆಯ ಪಿರಿಯಡ್ಡಿಗೆ ಹುಡುಗರು ಮಿಸುಕಾಡತೊಡಗಿದರೆ ಪಾಠ ಬೇಸರವಾಯಿತೆಂದೇ ಅರ್ಥವಲ್ಲ. ಬೆಂಚು ಒತ್ತುತ್ತಿದೆ ಎಂದೂ ಇರಬಹುದು. ನಮ್ಮ ಹಿರಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಊಟಕ್ಕೊಂದು ಮಣೆ, ಹೆಚ್ಚಲಿಕ್ಕೊಂದು ಈಳಿಗೆಮಣೆ, ಬಾಣಂತಿಯ ಬೆನ್ನಿಗೊಂದು ದಿಂಬು, ಚಕ್ಕಡಿಯಲ್ಲಿ ಜಾತ್ರೆಗೆ ಹೋಗುವಾಗ ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ದೂರದ ದಾರಿ ಸವೆಸುವುದು ಎತ್ತಿನ ಕಾಲಿನಿಂದಷ್ಟೇ ಅಲ್ಲ, ಕೂತವರ ನಡುವಿನಿಂದ ಕೂಡ ಎಂಬುದನ್ನು ಅವರು ಯಾವ ಪುಸ್ತಕವನ್ನೂ ಓದದೆ ಅರಿತಿದ್ದರು.

ಮೋಟಾರ್ ಸೈಕಲ್ ಮಾಡಿದವರಿಗೆ ಮಾತ್ರ ಇದು ಬೇಗ ಹೊಳೆದಂತಿಲ್ಲ. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ ಕಟ್ಟಿಗೆಯ ಚೌಕಟ್ಟಿನ ಒಂದು ಗಾಡಿ ಮಾಡಿದರು. ಎಂಜಿನ್ನನ್ನು ನೇರವಾಗಿ ಸೀಟಿನ ಕೆಳಗೇ ಇಟ್ಟರು. ಮೊದಲ ಸವಾರಿಯಲ್ಲೇ ಸೀಟಿಗೆ ಬೆಂಕಿ ಹತ್ತಿತು ಎಂದು ಹೇಳುತ್ತಾರೆ. ನನ್ನ ಮಗಳು ಈ ಕಥೆ ಹೇಳಿ ನಕ್ಕಾಗ ನನಗೂ ನಗು ಬಂತು. ಆದರೆ ಅವಳ ಗಾಡಿಯನ್ನು ನೋಡಿದಾಗ ಮಾತ್ರ ನಗು ಬರಲಿಲ್ಲ.

ನಮ್ಮೂರು ದಢೇಸುಗೂರು. ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ದಂಡೆಯ ಊರು. ಇತ್ತ ಕಾಲುವೆ, ಅತ್ತ ನದಿ, ನಡುವೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ. ಮಗಳು ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ತನ್ನ ಸಂಬಳದಲ್ಲೇ ಒಂದು ಫಟಫಟಿ ಕೊಂಡಳು. ನಮ್ಮ ಕಡೆ ಎಲ್ಲ ಮೋಟಾರ್ ಸೈಕಲ್ಲಿಗೂ ಅದೇ ಹೆಸರು. ಅವಳು ಮಾತ್ರ ‘ಸ್ಪೋರ್ಟ್ಸ್ ಬೈಕು’ ಎಂದು ತಿದ್ದುತ್ತಾಳೆ. ಬೆಂಗಳೂರಿನಿಂದ ತುಮಕೂರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪದ ಮೇಲೆ ಹಾಯ್ದು ಎರಡು ಮೂರು ತಿಂಗಳಿಗೊಮ್ಮೆ ಅದರ ಮೇಲೆ ಊರಿಗೆ ಬರುತ್ತಾಳೆ. ನಾನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

ಒಂದು ದೀಪಾವಳಿಗೆ ಹಾಗೆ ಬಂದವಳು ಗಾಡಿಯಿಂದ ಇಳಿದ ರೀತಿ ನೋಡಿ ನನ್ನ ಎದೆ ಧಸಕ್ಕೆಂದಿತು. ಇಪ್ಪತ್ತಾರರ ಹುಡುಗಿ ಎಪ್ಪತ್ತರ ಮುದುಕಿಯಂತೆ ನಡು ಹಿಡಿದುಕೊಂಡು ನಿಂತಳು. ಚಹಾದ ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದಳು. “ಕಿರುಬೆರಳು, ಅದರ ಬಾಜೂದ್ದು, ಎರಡೂ ಜೋಮು ಹಿಡದಾವ ಅವ್ವಾ. ಚಳ್ಳಕೆರೆ ದಾಟಿದ ಮ್ಯಾಲೆ ಬ್ರೇಕ್ ಹಿಡಿಯಾಕ ಬೆರಳು ಬರಲಿಲ್ಲ” ಎಂದಳು.

ಮನೆಯಲ್ಲಿ ಹಬ್ಬಕ್ಕೆ ಬಂದ ಬಂಧುಗಳಿದ್ದರು. ಎಲ್ಲರದೂ ಒಂದೇ ಮಾತು: ಮಾರಿಬಿಡು. ಅದೇ ಹೊತ್ತಿಗೆ ಒಂದು ಕಡೆಯಿಂದ ಸಂಬಂಧದ ಮಾತೂ ಬಂದಿತ್ತು. ಹುಡುಗಿ ಗಾಡಿ ಓಡಿಸುವುದು ಬಿಡುತ್ತಾಳೋ ಹೇಗೆ ಎಂದು ಅವರು ನಯವಾಗಿ ವಿಚಾರಿಸಿದ್ದರು. ನಾನು ಸೀಟು ಬದಲಿಸಬಹುದೇನೋ ನೋಡೋಣ ಎಂದಾಗ ನನ್ನ ನಾದಿನಿ, “ಅಲ್ಲಾ ವೈನಿ, ಸೀಟು ಮೆತ್ತಗ ಮಾಡಿಕೊಟ್ಟು ಇನ್ನೂ ದೂರ ಕಳಸ್ತೀಯೇನು?” ಎಂದಳು.

ಆ ಪ್ರಶ್ನೆ ರಾತ್ರಿಯೆಲ್ಲ ನನ್ನನ್ನು ಕೊರೆಯಿತು. ಸುಖ ಮಾಡಿಕೊಡುವುದೆಂದರೆ ಹೋಗಲು ಅಪ್ಪಣೆ ಕೊಟ್ಟಂತೆ ಎನ್ನುವುದು ಅವಳ ಲೆಕ್ಕ. ನನಗೆ ಕಣ್ಣಮುಂದೆ ಬರುತ್ತಿದ್ದದ್ದು ಬ್ರೇಕ್ ಹಿಡಿಯಲು ಬಾರದ ಬೆರಳು. ನೋವಿನ ಮೇಲೆ ಗಮನ ಇರುವವಳಿಗೆ ಅಡ್ಡ ಬಂದ ಎಮ್ಮೆ ಕಾಣುವುದು ಒಂದು ಕ್ಷಣ ತಡ. ಆ ಒಂದು ಕ್ಷಣದಲ್ಲಿ ಗಾಡಿ ಎಷ್ಟು ಮುಂದೆ ಹೋಗಿರುತ್ತದೆ ಎಂಬುದನ್ನು ಕಲ್ಪಿಸಿಕೊಂಡರೆ ತಾಯಿಯಾದವಳಿಗೆ ನಿದ್ದೆ ಬರುವುದುಂಟೇ? ಅವಳು ಗಾಡಿ ಬಿಡುವವಳಲ್ಲ ಎಂಬುದು ನನಗೆ ಗೊತ್ತು. ಹಾಗಿದ್ದ ಮೇಲೆ ನೋವಿಲ್ಲದೆ ಓಡಿಸಲಿ ಎನ್ನುವುದು ಅಪ್ಪಣೆಯಲ್ಲ, ರಕ್ಷಣೆ. ಬೆಳಿಗ್ಗೆ ಎದ್ದವಳೇ ಮಗಳನ್ನು ಗಾಡಿಯ ಮೇಲೆ ಕೂಡಲು ಹೇಳಿ, ನೋಟ್‌ಬುಕ್ಕು ಹಿಡಿದು ಎಲ್ಲೆಲ್ಲಿ ನೋಯುತ್ತದೆ ಎಂದು ಬರೆದುಕೊಂಡೆ.

ಇಂಥ ಗಾಡಿಗಳನ್ನು ರೇಸಿನ ಗಾಡಿಯ ಅಚ್ಚಿನಲ್ಲಿ ಮಾಡಿರುತ್ತಾರೆ. ಹಿಡಿಕೆ ತಗ್ಗಿನಲ್ಲಿ, ಕಾಲಿಡುವ ಗುಬುಟು ಹಿಂದೆ ಮತ್ತು ಮೇಲೆ, ಸೀಟು ಮುಂದಕ್ಕೆ ಇಳಿಜಾರು. ಓಡಿಸುವವರು ಟ್ಯಾಂಕಿನ ಮೇಲೆ ಬಾಗಲೇಬೇಕು. ರೇಸಿನಲ್ಲಿ ವೇಗ ವಿಪರೀತ. ಎದುರುಗಾಳಿ ಎದೆಗೆ ಒತ್ತಿ ಮೈಭಾರವನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ. ನಮ್ಮ ರಸ್ತೆಯಲ್ಲಿ ಐವತ್ತು ಅರವತ್ತರಲ್ಲಿ ಹೋಗುವವರಿಗೆ ಆ ಗಾಳಿಯ ಆಸರೆ ಇಲ್ಲ. ಭಾರವೆಲ್ಲ ಅಂಗೈಗೆ ಬೀಳುತ್ತದೆ. ಅಂಗೈಯಲ್ಲಿ ಕಿರುಬೆರಳಿನ ಕಡೆ ಒಂದು ನರ ಹಾಯ್ದು ಹೋಗುತ್ತದೆ. ಅದು ತಾಸುಗಟ್ಟಲೆ ಒತ್ತಿದರೆ, ಜೊತೆಗೆ ಎಂಜಿನ್ನಿನ ನಡುಕವೂ ಸೇರಿದರೆ ಆ ಎರಡು ಬೆರಳು ಜೋಮು ಹಿಡಿಯುತ್ತವೆ. ಸಂಗತಿ ಇಷ್ಟೇ. ಹುಡುಗಿಯ ದೇಹ ದುರ್ಬಲ ಎಂಬ ಮಾತು ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಮೊದಲ ಉಪಾಯಕ್ಕೆ ಕಾಸು ಬೇಕಾಗಲಿಲ್ಲ. ಬೆನ್ನಿಗೆ ಹೇರಿಕೊಳ್ಳುತ್ತಿದ್ದ ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿದೆವು. ಲ್ಯಾಪ್‌ಟಾಪು, ಬಟ್ಟೆ, ಮೇಲೆ ನಾನು ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲವೂ ಹೆಗಲಿನಿಂದ ಇಳಿದು ಮುಂಗೈಗೇ ಬರುತ್ತಿದ್ದವು. ಎರಡನೆಯದು, ಟ್ಯಾಂಕನ್ನು ಮೊಣಕಾಲು ತೊಡೆಗಳಿಂದ ಬಿಗಿಯಾಗಿ ಹಿಡಿಯುವುದು, ಮೊಣಕೈ ಸ್ವಲ್ಪ ಬಾಗಿಸಿ ಸಡಿಲು ಬಿಡುವುದು. ಕಾಲು ಹಿಡಿದುಕೊಂಡರೆ ಕೈ ಹೊರುವ ಭಾರ ಕಡಿಮೆಯಾಗುತ್ತದೆ. ಟ್ಯಾಂಕಿನ ಎರಡೂ ಬದಿಗೆ ಅಂಟಿಸುವ ರಬ್ಬರ್ ಪಟ್ಟಿ ಸಿಗುತ್ತವೆ. ಅವನ್ನು ಹಾಕಿದ ಮೇಲೆ ಕಾಲು ಜಾರುವುದು ನಿಂತಿತು.

ಮೂರನೆಯದು ಹಿಡಿಕೆ. ಸಿಂಧನೂರಿನ ಮೆಕ್ಯಾನಿಕ್ ಒಬ್ಬ, ಹಿಡಿಕೆಯ ಕೆಳಗೆ ಬಿಲ್ಲೆ ಇಟ್ಟು ಎತ್ತರಿಸುತ್ತೇನೆ, ಬೇಕಾದರೆ ಬೇರೆ ಹ್ಯಾಂಡಲ್ಲೇ ಕೂಡಿಸುತ್ತೇನೆ ಎಂದ. ಹಾಗೆ ಎತ್ತರಿಸಿದರೆ ಬ್ರೇಕಿನ ಪೈಪು, ಕ್ಲಚ್ಚಿನ ತಂತಿ ಬಿಗಿಯುತ್ತವೆಯೋ, ಪೂರ್ತಿ ತಿರುಗಿಸಿದಾಗ ಹಿಡಿಕೆ ಟ್ಯಾಂಕಿಗೋ ಗಾಜಿಗೋ ತಾಗುತ್ತದೆಯೋ ಎಂದು ನೋಡಬೇಕು. ಕಾಯಿದೆಯ ಮಾತೂ ಇದೆ. ಕಂಪನಿ ಮಾಡಿಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಏನಾದರೂ ಆಗಿ ವಿಮೆಯವರ ಮುಂದೆ ನಿಂತಾಗ ಉತ್ತರ ಕೊಡಬೇಕಾದವರು ನಾವು. ಹಿಡಿಕೆಯ ತಂಟೆ ಬೇಡವೆಂದು ಬಿಟ್ಟು, ಬ್ರೇಕು ಕ್ಲಚ್ಚಿನ ಲಿವರುಗಳನ್ನಷ್ಟೇ ತುಸು ತಿರುಗಿಸಿ ಮುಂಗೈಯೂ ಬೆರಳೂ ಒಂದೇ ಗೆರೆಯಲ್ಲಿ ಬರುವಂತೆ ಮಾಡಿಸಿದೆವು. ಹಿಡಿಕೆಗೆ ದಪ್ಪನೆಯ ಮೆತ್ತನೆ ರಬ್ಬರ್ ಹಾಕಿಸಿದೆವು. ಐದು ನಿಮಿಷದ ಕೆಲಸ, ಆದರೆ ಅಂಗೈಗೆ ಅದರಿಂದಲೇ ಅರ್ಧ ನೆಮ್ಮದಿ ಸಿಕ್ಕಿತು.

ಇನ್ನು ಸೀಟು. ಕುಷನ್ ಕೆಲಸ ಮಾಡುವ ಒಬ್ಬ ಮುದುಕರ ಹತ್ತಿರ ಹೋದೆವು. ಮಗಳು ಮೆತ್ತನೆಯದು ಬೇಕು ಎಂದಾಗ ಅವರು ನನ್ನ ಕಡೆ ತಿರುಗಿ, “ಅಕ್ಕೋರೆ, ಮೆತ್ತಗಿದ್ದದ್ದು ಅಂಗಡ್ಯಾಗ ಚೆಂದ. ತಾಸು ಕೂತರ ಕುಗ್ಗಿ ಹಲಗಿ ಆಗಿಬಿಡ್ತೈತಿ. ಗಟ್ಟಿ ಫೋಮ್ ಹಾಕ್ತೀನಿ, ಮೊದಲು ಒತ್ತತೈತಿ, ಆಮ್ಯಾಲೆ ಸಲುಹತೈತಿ” ಎಂದರು. ಅವರ ಮಾತಿನಲ್ಲಿ ಶಾಸ್ತ್ರವಿದೆ. ಕೂತಾಗ ನಮ್ಮ ಭಾರ ಹೊರುವುದು ಕೆಳಗಿನ ಎರಡು ಎಲುಬು. ಹೆಂಗಸರಲ್ಲಿ ಆ ಎರಡರ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಸೀಟು ಸಪೂರವಾಗಿದ್ದರೆ ಎಲುಬಿಗೆ ಆಸರೆಯೇ ಸಿಗದೆ ಭಾರವೆಲ್ಲ ನಡುವಿನ ಮೃದು ಭಾಗಕ್ಕೆ ಬೀಳುತ್ತದೆ. ಹೆಣ್ಣುಮಕ್ಕಳು ಯಾರಿಗೂ ಹೇಳಲಾರದೆ ಸಹಿಸುವ ನೋವು ಇದೇ.

ದಪ್ಪ ಹಾಕಿದರೆ ಮತ್ತೊಂದು ತೊಡಕು. ಸಾಮಾನ್ಯ ಸ್ಪ್ಲೆಂಡರ್ ಗಾಡಿಯ ಸೀಟು ನೆಲದಿಂದ 785 ಮಿಲಿಮೀಟರ್ ಎತ್ತರ. ಮಗಳ ಗಾಡಿಯದು ಎಂಟುನೂರು ದಾಟಿತ್ತು. ಅವಳ ಎತ್ತರ ಐದಡಿ ಮೂರಿಂಚು. ಇನ್ನೂ ಎತ್ತರಿಸಿದರೆ ಕಾಲು ನೆಲಕ್ಕೆ ಹತ್ತುವುದಿಲ್ಲ. ಕಡೆಗೆ ಮುಂದೆ ಟ್ಯಾಂಕಿನ ಹತ್ತಿರ ಬದಿಗಳನ್ನು ಕೆತ್ತಿ, ಹಿಂದೆ ಎರಡು ಬೆರಳು ಅಗಲ ಕೂಡಿಸಿ, ಮುಂದಕ್ಕೆ ಜಾರುವ ಇಳಿಜಾರನ್ನು ಸಮ ಮಾಡಿದರು. ಎತ್ತರ ಮೊದಲಿನಷ್ಟೇ ಉಳಿಯಿತು.

ಅದರ ಮೇಲಿನ ಕೆಲಸ ನನ್ನದು. ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ರೆಗ್ಜಿನ್ ಸೀಟಿನ ಮೇಲೆ ರೊಟ್ಟಿ ಬೇಯಿಸಬಹುದು. ಬೆವರು ಹೀರದ ರೆಗ್ಜಿನ್ನಿನ ಮೇಲೆ ನಾಲ್ಕು ತಾಸು ಕೂತರೆ ಚರ್ಮ ಕೆಂಪಾಗಿ ಉರಿಯುತ್ತದೆ. ನನ್ನ ಅವ್ವನ ಎರಡು ಹಳೆಯ ನೂಲಿನ ಸೀರೆ ಪೆಟ್ಟಿಗೆಯಲ್ಲಿದ್ದವು. ಅವನ್ನು ಪದರು ಪದರಾಗಿ ಇಟ್ಟು, ಸಣ್ಣ ಕೌದಿಯಂತೆ ಒತ್ತಾಗಿ ಹೊಲಿದು, ಜಾರದಂತೆ ಸೀಟಿನ ಕೆಳಗೆ ಬಿಗಿಯಲು ನಾಲ್ಕು ಕಸೆ ಇಟ್ಟೆ. ಮಳೆ ಬಂದರೆ ಬಿಚ್ಚಿ ಚೀಲಕ್ಕೆ ಹಾಕಬಹುದು, ಊರಿಗೆ ಬಂದಾಗ ಒಗೆಯಬಹುದು.

ಹೊಲಿಯುವಾಗ ಅವ್ವನ ನೆನಪೇ ಆಗುತ್ತಿತ್ತು. ಅಪ್ಪನ ಹತ್ತಿರ ಒಂದು ಜಾವಾ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಆ ಗಾಡಿ ಮಾಡುತ್ತಿತ್ತು, ಆಮೇಲೆ ಅದರದೇ ಯೆಜ್ಡಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆದ ಕಡ್ಡಿಯೇ ಗೇರಿನ ಕಡ್ಡಿಯಾಗುವ ಅದರ ಚಮತ್ಕಾರ ನೋಡಲು ಓಣಿಯ ಹುಡುಗರು ಸೇರುತ್ತಿದ್ದರು. ಉದ್ದನೆಯ ಚಪ್ಪಟೆ ಸೀಟು. ಅಪ್ಪ ನೆಟ್ಟಗೆ ಕೂತು ಆರಾಮಾಗಿ ಓಡಿಸುತ್ತಿದ್ದರು. ಅವ್ವ ಹಿಂದೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ನಡು ತಿರುಚಿಕೊಂಡು, ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ನನ್ನನ್ನು ಹಿಡಿದು ಕೂಡುತ್ತಿದ್ದಳು. ಮಸ್ಕಿಯ ತವರಿಗೆ ಹೋಗಿ ಇಳಿದ ಮೇಲೆ ಎರಡು ದಿನ ನಡುನೋವು. ನಿನಗೆಲ್ಲಿ ನೋಯುತ್ತದೆ ಎಂದು ಅವಳನ್ನು ಯಾರೂ ಕೇಳಿದ ನೆನಪು ನನಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹಿಂದೆ ಕೂತವರಿಗಾಗಿ ಇದೆ: ಹಿಡಿಯಲೊಂದು ಹಿಡಿಕೆ, ಕಾಲಿಡಲೊಂದು ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ಅರ್ಧ ಚಕ್ರ ಮುಚ್ಚುವ ಜಾಲರಿ. ಎಷ್ಟೋ ಜೀವ ಉಳಿಸಿದ ನಿಯಮ ಅದು. ಆದರೂ ಹಿಂದೆ ಕೂತವಳ ಸೀರೆಯ ಚಿಂತೆ ಆಯಿತೇ ಹೊರತು ಬೆನ್ನಿನ ಚಿಂತೆ ಆಗಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಸಾಲು ಸೀಟಿಗೆ ಸಂಬಂಧಿಸಿದ್ದಲ್ಲ. “ನೀರು ಎಷ್ಟು ಕುಡೀತಿ?” ಎಂದು ಕೇಳಿದೆ. “ಕುಡಿಯೂದ ಇಲ್ಲ. ಎಲ್ಲಿ ಇಳೀಲಿ?” ಎಂದಳು. ಬಸ್ಸಿನಲ್ಲಿ ತರಬೇತಿಗೆಂದು ಲಿಂಗಸುಗೂರು, ರಾಯಚೂರು ತಿರುಗಿದ ನಮ್ಮಂಥ ಶಿಕ್ಷಕಿಯರಿಗೆ ಈ ಉತ್ತರ ಹೊಸದಲ್ಲ. ನೀರು ಕುಡಿಯದೆ ಬಿಸಿಲಲ್ಲಿ ಹೋದರೆ ತಲೆನೋವು, ಸ್ನಾಯು ಸೆಳೆತ, ಉರಿಮೂತ್ರ. ಯಾವ ಕುಷನ್ನಿನಿಂದಲೂ ಇದು ವಾಸಿಯಾಗುವುದಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ ಇರಬೇಕೆಂಬ ನಿಯಮವಿದೆ. ಕೆಲವು ಕಡೆ ಬೀಗ ಹಾಕಿರುತ್ತಾರೆ, ಕೇಳಿ ತೆಗೆಸಿಕೊಳ್ಳಬೇಕು. ದಾರಿಯಲ್ಲಿ ಚೊಕ್ಕಟವಾಗಿರುವ ಬಂಕು, ಹೋಟೆಲುಗಳನ್ನು ಅವಳು ಒಂದೊಂದಾಗಿ ಗುರುತು ಮಾಡಿಕೊಂಡಳು. ಎಂಬತ್ತು ಕಿಲೋಮೀಟರಿಗೊಮ್ಮೆ ಇಳಿಯುವುದು, ಹತ್ತು ನಿಮಿಷ ಅಡ್ಡಾಡುವುದು, ನೀರು ಕುಡಿಯುವುದು, ಕತ್ತಲಾಗುವ ಮುಂಚೆ ಊರು ಮುಟ್ಟುವುದು. ಇದು ನಮ್ಮಿಬ್ಬರ ಕರಾರು.

ಸಂಕ್ರಾಂತಿಗೆ ಬಂದಾಗ ಅವಳು ಗಾಡಿಯಿಂದ ಇಳಿದು, ಹೆಲ್ಮೆಟ್ ತೆಗೆದು, ಒಂದೇ ಕೈಯಲ್ಲಿ ಚಹಾದ ಲೋಟ ಹಿಡಿದಳು. ನೋವು ಪೂರ್ತಿ ಹೋಗಿಲ್ಲ, ಆದರೆ ಬೆರಳು ಬ್ರೇಕಿಗೆ ಬರುತ್ತವೆ. ನಾದಿನಿ ಕೌದಿಯನ್ನು ಮುಟ್ಟಿ ನೋಡಿ, “ಹೊಲಿಗಿ ಚೆಂದ ಬಂದೈತಿ” ಎಂದಷ್ಟೇ ಹೇಳಿದಳು. ಸಂಬಂಧದವರಿಗೆ, ಗಾಡಿ ಮಾರುವುದಿಲ್ಲವೆಂದು ನಾನೇ ಹೇಳಿ ಕಳಿಸಿದೆ. ಅವರಿಂದ ಮತ್ತೆ ಉತ್ತರ ಬರಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಮನೆ ಒಳ್ಳೆಯದಿತ್ತು. ಆದರೆ ಹುಡುಗಿಯ ಇಷ್ಟವನ್ನು ಬಾಗಿಲಲ್ಲೇ ಬಿಟ್ಟು ಬಾ ಎನ್ನುವ ಮನೆಯಲ್ಲಿ ಅವಳಿಗೆ ಕೂಡಲು ಜಾಗ ಎಷ್ಟು ಸಿಕ್ಕೀತು?

ಮಗಳ ಕೋಣೆಯ ಗೋಡೆಯ ಮೇಲೆ ಬೆಂಗಳೂರಿನ ಐಶ್ವರ್ಯಾ ಪಿಸೆಯ ಚಿತ್ರವಿದೆ. 2019ರಲ್ಲಿ ಮೋಟಾರ್ ಸೈಕಲ್ ಸ್ಪರ್ಧೆಯಲ್ಲಿ ಮಹಿಳೆಯರ ವಿಭಾಗದ ವಿಶ್ವಕಪ್ ಗೆದ್ದ ಹುಡುಗಿ. ನಮ್ಮವಳಿಗೆ ಕಪ್ಪಿನ ಆಸೆಯಿಲ್ಲ. ಅವಳಿಗಿರುವುದು ದಾರಿಯ ಆಸೆ. ಜೇವರ್ಗಿಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾಯ್ದು ಬರುವ ನಮ್ಮ 150ಎ ಹೆದ್ದಾರಿ ಬಳ್ಳಾರಿ, ಹಿರಿಯೂರು, ಮೈಸೂರು ದಾಟಿ ಚಾಮರಾಜನಗರದವರೆಗೆ ಹೋಗುತ್ತದೆ. ಅದನ್ನು ತುದಿಯಿಂದ ತುದಿಗೆ ಒಮ್ಮೆ ನೋಡಬೇಕಂತೆ. ಬಳ್ಳಾರಿವರೆಗೆ ನೀನೂ ಬಾ ಎಂದು ನನ್ನನ್ನು ಕರೆದಿದ್ದಾಳೆ. ಹಿಂದಿನ ಸೀಟು ಅಟ್ಟದಷ್ಟು ಎತ್ತರ, ನನ್ನ ಮೊಣಕಾಲು ಮಾತು ಕೇಳುವುದಿಲ್ಲ, ಸೀರೆಯಲ್ಲಂತೂ ಆಗದ ಮಾತು. ಹಿಂದೆ ಕೂಡುವವರಿಗೂ ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ, ಅದೊಂದನ್ನು ಕೊಂಡಿಟ್ಟಿದ್ದೇನೆ. ಚೂಡಿದಾರಕ್ಕೆ ಅಳತೆ ಕೊಟ್ಟಿದ್ದೇನೆ. ಉಳಿದದ್ದು ಮೊಣಕಾಲಿಗೆ ಬಿಟ್ಟದ್ದು.

ನಿಮ್ಮ ಮನೆಯಲ್ಲೂ ಗಾಡಿ ಓಡಿಸುವ ಹುಡುಗಿ ಇರಬಹುದು. ಅದು ಸ್ಕೂಟಿಯಾದರೂ ಆಗಲಿ, ರೇಸಿನದಾದರೂ ಆಗಲಿ. ಯಾಕೆ ಓಡಿಸುತ್ತಿ ಎಂದು ಕೇಳುವವರು ಓಣಿ ತುಂಬ ಇರುತ್ತಾರೆ. ಎಲ್ಲಿ ನೋಯುತ್ತದೆ, ದಾರಿಯಲ್ಲಿ ನೀರು ಕುಡಿದೆಯಾ ಎಂದು ನೀವು ಕೇಳಿ ನೋಡಿ. ಮುಂದಿನ ಕೆಲಸಕ್ಕೆ ಒಂದು ಸೂಜಿ, ಒಂದು ದಾರ, ಒಂದು ಹಳೆಯ ಸೀರೆ ಸಾಕಾಗಬಹುದು.