ಚೆಂಡು ಮುಳುಗದ ಕೆರೆ

ಸ್ಯಾನ್ ಫ್ರಾನ್ಸಿಸ್ಕೋದ ನೈಋತ್ಯ ಮೂಲೆಯಲ್ಲಿ ಮರ್ಸೆಡ್ ಎಂಬ ಸಿಹಿನೀರಿನ ಕೆರೆಯಿದೆ. ಆ ಕೆರೆಗೂ ಪೆಸಿಫಿಕ್ ಸಾಗರಕ್ಕೂ ನಡುವೆ ಎದ್ದ ಮರಳುಗುಡ್ಡದ ಮೇಲೆ ಒಲಿಂಪಿಕ್ ಕ್ಲಬ್ಬಿನ ಗಾಲ್ಫ್ ಮೈದಾನಗಳಿವೆ. ಅವುಗಳಲ್ಲಿ ಹೆಸರಾಂತದ್ದು ಲೇಕ್ ಕೋರ್ಸ್, ಅಂದರೆ ಕೆರೆ ಮೈದಾನ. ಹೆಸರು ಕೇಳಿದವರು ಚೀಲದಲ್ಲಿ ನಾಲ್ಕು ಚೆಂಡು ಹೆಚ್ಚಿಗೇ ಇಟ್ಟುಕೊಂಡು ಹೊರಡುವುದು ಸಹಜ. ಆದರೆ ಅಲ್ಲಿ ಹದಿನೆಂಟು ಹೋಲ್ ಮುಗಿದರೂ ಒಂದು ಚೆಂಡೂ ನೀರಿಗೆ ಬಿದ್ದಿರುವುದಿಲ್ಲ, ಏಕೆಂದರೆ ಬೀಳಲು ನೀರೇ ಇಲ್ಲ. ಕೆರೆ ಮರಗಳ ಸಂದಿಯಲ್ಲಿ ಬೆಳ್ಳಗೆ ಮಿನುಗಿ ಮರೆಯಾಗುತ್ತದೆ, ಅಷ್ಟೆ. ಇನ್ನೂ ಸೋಜಿಗವೆಂದರೆ, ಐದು ಬಾರಿ ಯುಎಸ್ ಓಪನ್ ನಡೆದ ಈ ಮೈದಾನದಲ್ಲಿ ಆ ವರ್ಷಗಳಲ್ಲೆಲ್ಲ ಫೇರ್‌ವೇಯ ಬಂಕರ್ ಇದ್ದದ್ದು ಆರನೇ ಹೋಲಿನಲ್ಲಿ ಒಂದೇ ಒಂದು. ನೀರಿಲ್ಲ, ಮರಳುಗುಂಡಿಯೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ 2012ರಲ್ಲಿ ನಾಲ್ಕು ದಿನ ಆಡಿದ ಜಗತ್ತಿನ ಘಟಾನುಘಟಿಗಳಲ್ಲಿ ಒಬ್ಬರೂ ಪಾರ್‌ಗಿಂತ, ಅಂದರೆ ಮೈದಾನಕ್ಕೆ ಗೊತ್ತುಮಾಡಿದ ಹೊಡೆತಗಳ ಲೆಕ್ಕಕ್ಕಿಂತ, ಕೆಳಗೆ ಮುಗಿಸಲಿಲ್ಲ. ಗೆದ್ದ ವೆಬ್ ಸಿಂಪ್ಸನ್‌ನ ಲೆಕ್ಕವೂ ಪಾರ್‌ಗೆ ಒಂದು ಹೆಚ್ಚು. ಕೆರೆ ದಂಡೆಯ ಗಾಲ್ಫ್ ಮೈದಾನ ಹೇಗಿರಬೇಕು ಎಂಬ ಪ್ರಶ್ನೆಗೆ ನನಗೆ ಒಪ್ಪಿತವಾದ ಉತ್ತರ ಈ ಮೈದಾನವೇ. ಕೆರೆ ಇರುವುದು ಚೆಂಡು ನುಂಗುವುದಕ್ಕಲ್ಲ, ನೆಲಕ್ಕೆ ಒಂದು ಓರೆ ಕೊಡುವುದಕ್ಕೆ.

ನೀರಿನ ಮೇಲೆ ನನ್ನ ತಕರಾರೇನು ಎಂದು ಮೊದಲು ಹೇಳಿಬಿಡುತ್ತೇನೆ. ನೀರು ಮಾತನ್ನು ಅಲ್ಲಿಗೇ ಮುಗಿಸುತ್ತದೆ. ಫ್ಲಾರಿಡಾದ ಸಾಗ್ರಾಸ್‌ನಲ್ಲಿ ಪೀಟ್ ಡೈ ಕಟ್ಟಿದ ಹದಿನೇಳನೇ ಹೋಲ್ ಗಾಲ್ಫ್ ಆಡದವರಿಗೂ ಚಿತ್ರದಲ್ಲಿ ಗುರುತು ಸಿಗುವಂಥದು. ಸುತ್ತ ನೀರು, ನಡುವೆ ತಟ್ಟೆಯಷ್ಟು ಗ್ರೀನ್, ದೂರ 137 ಗಜ. ನೋಡಲು ಚೆಂದ, ಟಿಕೆಟ್ಟು ಕೊಂಡು ಕುಳಿತವರಿಗೆ ಹಬ್ಬ. ಆದರೆ ಆಡುವವನ ಮುಂದೆ ಇರುವುದು ಎರಡೇ ಉತ್ತರ: ಬಿತ್ತು, ಇಲ್ಲವೇ ಮುಳುಗಿತು. ಒಂದು ಅಡಿ ತಪ್ಪಿದವನಿಗೂ ಮೂವತ್ತು ಅಡಿ ತಪ್ಪಿದವನಿಗೂ ಒಂದೇ ದಂಡ. ಮುಳುಗಿದ ಚೆಂಡಿನಿಂದ ಕಲಿಯುವುದೇನೂ ಇಲ್ಲ. ಇನ್ನೊಂದು ತೆಗೆದು ಹಾಕಬೇಕು, ಲೆಕ್ಕಕ್ಕೆ ಒಂದು ಸೇರಿಸಬೇಕು. ಓರೆ ನೆಲದ ನ್ಯಾಯ ಬೇರೆ. ಸ್ವಲ್ಪ ತಪ್ಪಿದವನ ಚೆಂಡು ಸ್ವಲ್ಪ ಜಾರುತ್ತದೆ, ಹೆಚ್ಚು ತಪ್ಪಿದವನದು ಹುಲ್ಲಿನೊಳಕ್ಕೆ ಉರುಳುತ್ತದೆ. ಇಬ್ಬರಿಗೂ ಮುಂದಿನ ಹೊಡೆತ ಉಳಿದಿರುತ್ತದೆ. ತಾನು ತಂದುಕೊಂಡ ಫಜೀತಿಯಿಂದ ತಾನೇ ಹೊರಬರುವುದರಲ್ಲಿ ಈ ಆಟದ ರುಚಿಯಿದೆ. ನೀರು ಆ ರುಚಿಯನ್ನೇ ಕಿತ್ತುಕೊಳ್ಳುತ್ತದೆ.

1920ರ ದಶಕದಲ್ಲಿ ವಿಲ್ಲಿ ವಾಟ್ಸನ್, ಸ್ಯಾಮ್ ವೈಟಿಂಗ್ ಸೇರಿ ರೂಪಿಸಿದ ಈ ಮೈದಾನದ ಮರ್ಮ ನಾಲ್ಕು ಮತ್ತು ಐದನೇ ಹೋಲುಗಳಲ್ಲಿ ಕೈಗೆ ಸಿಗುತ್ತದೆ. ಆಗುಂಬೆ ಘಾಟಿಯ ತಿರುವುಗಳನ್ನು ನೆನೆಯಿರಿ. ರಸ್ತೆ ಎಡಕ್ಕೆ ತಿರುಗುವಲ್ಲಿ ಅದರ ಮೈಯೂ ಎಡಕ್ಕೆ ವಾಲಿರಬೇಕು, ಬಸ್ಸು ತಿರುವನ್ನು ಅಪ್ಪಿಕೊಂಡು ಇಳಿಯಬೇಕು. ತಿರುವು ಎಡಕ್ಕಿದ್ದು ರಸ್ತೆ ಬಲಕ್ಕೆ ವಾಲಿದರೆ? ಒಲಿಂಪಿಕ್‌ನ ನಾಲ್ಕನೇ ಹೋಲ್ ಹಾಗೇ ಇದೆ. ಫೇರ್‌ವೇ ಎಡಕ್ಕೆ ಬಾಗುತ್ತದೆ, ನೆಲ ಮಾತ್ರ ಬಲಕ್ಕೆ ಇಳಿಯುತ್ತದೆ. ನೇರವಾಗಿ, ನಿಷ್ಕಪಟವಾಗಿ ಹೊಡೆದ ಡ್ರೈವ್ ನಟ್ಟನಡುವೆ ಬಿದ್ದು, ಎರಡು ಪುಟ ಎದ್ದು, ಅನುಮಾನಿಸಿದಂತೆ ನಿಧಾನವಾಗಿ ಬಲಕ್ಕೆ ತಿರುಗಿ, ರಫ್‌ನ ಅಂಚು ಮುಟ್ಟಿ ಕೂರುತ್ತದೆ. ಚೆಂಡು ನಡುವೆಯೇ ನಿಲ್ಲಬೇಕಾದರೆ ಗಾಳಿಯಲ್ಲಿ ಬಲದಿಂದ ಎಡಕ್ಕೆ ಬಾಗುವ ಡ್ರಾ ಹೊಡೆತ ಬೇಕು. ಇಳಿಜಾರಿಗೆ ಎದುರಾಗಿ ಬಿದ್ದ ಚೆಂಡು ಮಾತ್ರ ನಿಲ್ಲುತ್ತದೆ. ಇದನ್ನು ಕಲಿತು ಹೆಮ್ಮೆಯಿಂದ ಐದನೇ ಟೀ ಮೇಲೆ ನಿಂತರೆ ಎಲ್ಲವೂ ತಿರುವುಮುರುವು. ದಾರಿ ಬಲಕ್ಕೆ ಬಾಗಿದೆ, ನೆಲ ಎಡಕ್ಕೆ ಇಳಿದಿದೆ, ಈಗ ಬೇಕಾದದ್ದು ಬಲಕ್ಕೆ ಬಾಗುವ ಫೇಡ್. ಹತ್ತು ನಿಮಿಷದ ಹಿಂದೆ ಕೈಗೆ ಹೇಳಿಕೊಟ್ಟದ್ದನ್ನು ಕೈಯಿಂದಲೇ ಮರೆಸಬೇಕು. ಒಂದು ಬುಟ್ಟಿ ಮಣ್ಣು ಹೊರದೆ, ಒಂದು ಹೊಂಡ ತೋಡದೆ, ಗುಡ್ಡದ ಮೈಗೆ ಅಡ್ಡವಾಗಿ ದಾರಿ ಎಳೆದದ್ದರಿಂದಲೇ ಇಷ್ಟೆಲ್ಲ ಬಂತು. ವಿನ್ಯಾಸ ಎಂದರೆ ಇದು ಎಂದು ನನಗನಿಸುವುದು ಇಂಥಲ್ಲಿ.

ಹಾಗಾದರೆ ಕೆರೆಗೆ ಇಲ್ಲೇನು ಕೆಲಸ, ಹೆಸರಿಗಷ್ಟೇ ಕೆರೆಯೆ ಎಂದು ಕೇಳಬಹುದು. ಗುಡ್ಡ ಒಟ್ಟಾರೆ ಇಳಿಯುವುದೇ ಕೆರೆಯ ಕಡೆಗೆ. ನಮ್ಮ ಊರುಗಳಲ್ಲಿ ಹೊಲದ ಬದುವಿನ ಮೇಲೆ ನಿಂತವರಿಗೆ ನೀರು ಯಾವ ಕಡೆ ಹರಿಯುತ್ತದೆಂದು ಯಾರೂ ಹೇಳಬೇಕಾಗಿಲ್ಲ, ಕೆರೆ ಎಲ್ಲಿದೆಯೆಂದು ತಿಳಿದಿದ್ದರೆ ಸಾಕು. ಪಟ್ ಹೊಡೆಯುವವನಿಗೂ ಅದೇ ಸೂತ್ರ ಅರ್ಧಕ್ಕರ್ಧ ನೆರವಾಗುತ್ತದೆ. ಕಣ್ಣಿಗೆ ಸಮತಟ್ಟಾಗಿ ಕಾಣುವ ಗ್ರೀನ್ ಕಾಲಿಗೆ ಬೇರೆ ಹೇಳುತ್ತದೆ, ಬೆಟ್ಟದ ಬದಿಯ ಮೈದಾನಗಳಲ್ಲಿ ಕಣ್ಣು ಮೋಸ ಹೋಗುವುದು ಮಾಮೂಲು. ಇದರ ಜೊತೆಗೆ ಸಾಗರದಿಂದ ಎದ್ದು ಗುಡ್ಡ ದಾಟಿ ಕೆರೆಯ ಮೇಲೆ ಹಾಸಿಕೊಳ್ಳುವ ಮಂಜು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿನ ತೆಳು ಗಾಳಿಯಲ್ಲಿ ಆಡಿ ಪಳಗಿದವರಿಗೆ ಚೆಂಡು ಹೋಗುವ ದೂರದ ಒಂದು ಅಂದಾಜಿರುತ್ತದೆ. ಮರ್ಸೆಡ್ ದಂಡೆಯ ತಣ್ಣನೆಯ ದಟ್ಟ ಗಾಳಿಯಲ್ಲಿ ಅದೇ ಹೊಡೆತ ಸೋತು ಮೊದಲೇ ಇಳಿಯುತ್ತದೆ. ಇಬ್ಬನಿ ಕುಡಿದ ರಫ್ ಕ್ಲಬ್ಬಿನ ತಲೆಯನ್ನು ಹಿಡಿದು ತಿರುಚುತ್ತದೆ. ಹೀಗೆ ಕೆರೆ, ಕಡಲು ಎರಡೂ ಆಟದೊಳಗೇ ಇವೆ. ಚೆಂಡಿನ ಬುಡದಲ್ಲಿ ಇಲ್ಲ, ಅಷ್ಟೆ. ನೋಟಕ್ಕೂ ಕೊರತೆಯಿಲ್ಲ. ಮಂಜು ಸರಿದ ದಿನ ಮೂರನೇ ಹೋಲಿನ ಟೀ ಮೇಲೆ ನಿಂತರೆ ದೂರದಲ್ಲಿ ಗೋಲ್ಡನ್ ಗೇಟ್ ಸೇತುವೆ ಕೆಂಪಗೆ ಕಾಣುತ್ತದೆ. ಕೆಳಗಿಳಿಯುವ ಆ ಉದ್ದದ ಪಾರ್ ಮೂರರಲ್ಲಿ ಸೇತುವೆ ನೋಡುತ್ತ ಹೊಡೆದವರ ಗತಿ ಏನಾಗುತ್ತದೆ ಎಂಬುದು ಬೇರೆ ಮಾತು.

ಇಂಥ ಮೈದಾನ ಒಳ್ಳೆಯ ಆಟಗಾರನನ್ನು ಗುರುತಿಸುತ್ತದೆಯೆ, ಇಲ್ಲ ಬರೀ ಸತಾಯಿಸುತ್ತದೆಯೆ? ಇದು ಹಳೆಯ ಆಕ್ಷೇಪ, ಅದಕ್ಕೆ ಇತಿಹಾಸದ ಬಲವೂ ಇದೆ. 1955ರಲ್ಲಿ ಬೆನ್ ಹೋಗನ್ ಗೆದ್ದೇಬಿಟ್ಟ ಎಂದು ಎಲ್ಲರೂ ಅಂದುಕೊಂಡಿದ್ದಾಗ ಅಯೋವಾದ ಜ್ಯಾಕ್ ಫ್ಲೆಕ್ ಎಂಬ, ಹೆಚ್ಚು ಜನ ಹೆಸರೇ ಕೇಳಿರದ ವೃತ್ತಿಪರ ಕೊನೆಯ ಹೋಲಿನಲ್ಲಿ ಬರ್ಡಿ ಹೊಡೆದು ಸಮ ಮಾಡಿಕೊಂಡು, ಮರುದಿನದ ಪ್ಲೇಆಫ್‌ನಲ್ಲಿ 69ಕ್ಕೆ 72ರಂತೆ ಸೋಲಿಸಿದ. ಫ್ಲೆಕ್‌ನ ಕೈಯಲ್ಲಿದ್ದ ಕ್ಲಬ್ಬುಗಳು ಹೋಗನ್‌ನ ಸ್ವಂತ ಕಂಪನಿಯವು! 1966ರಲ್ಲಿ ಕೊನೆಯ ಒಂಬತ್ತು ಹೋಲ್ ಉಳಿದಿದ್ದಾಗ ಆರ್ನಾಲ್ಡ್ ಪಾಮರ್ ಏಳು ಹೊಡೆತ ಮುಂದಿದ್ದ. ಬಿಲ್ಲಿ ಕ್ಯಾಸ್ಪರ್ ಅಷ್ಟನ್ನೂ ಅಳಿಸಿ, ಮರುದಿನ ಗೆದ್ದ. 1987ರಲ್ಲಿ ಟಾಮ್ ವಾಟ್ಸನ್‌ನನ್ನು ಸ್ಕಾಟ್ ಸಿಂಪ್ಸನ್, 1998ರಲ್ಲಿ ಪೇನ್ ಸ್ಟೂವರ್ಟ್‌ನನ್ನು ಲೀ ಜಾನ್ಜೆನ್ ಹಿಂದೆ ಹಾಕಿದರು. ದೊಡ್ಡವರ ಮಸಣ ಎಂಬ ಅಡ್ಡಹೆಸರು ಮೈದಾನಕ್ಕೆ ಅಂಟಿದ್ದು ಹೀಗೆ. ಆದರೆ ಸೋತವರು ಹೇಗೆ ಸೋತರು ಎಂದು ನೋಡಬೇಕು. 1955ರ ಪ್ಲೇಆಫ್‌ನಲ್ಲಿ ಹದಿನೆಂಟನೇ ಟೀಗೆ ಬಂದಾಗ ಹೋಗನ್ ಒಂದೇ ಹೊಡೆತ ಹಿಂದಿದ್ದ. ಡ್ರೈವ್ ಹೊಡೆಯುವಾಗ ಕಾಲು ಜಾರಿತು, ಚೆಂಡು ಎಡಕ್ಕೆ ಹುಕ್ ಆಗಿ ಮೊಣಕಾಲುದ್ದದ ಹುಲ್ಲಿಗೆ ಬಿತ್ತು. ಅದು ನೀರಾಗಿದ್ದರೆ ಒಂದು ದಂಡದಲ್ಲಿ ಮುಗಿಯುತ್ತಿತ್ತು. ಹುಲ್ಲಾದ್ದರಿಂದ ಆ ಮಹಾನುಭಾವ ಸೊಂಟ ಬಗ್ಗಿಸಿ ಮತ್ತೆಮತ್ತೆ ಬೀಸಬೇಕಾಯಿತು, ಚೆಂಡು ಗೇಣುಗೇಣಾಗಿ ಸರಿಯಿತು. ಹೊರಬಂದು ಆರರಲ್ಲಿ ಮುಗಿಸಲು ಕೊನೆಗೊಂದು ಉದ್ದನೆಯ ಪಟ್ ಹಾಕಬೇಕಾಯಿತು, ಹಾಕಿದ. ಪಾಮರ್‌ನ ಕತೆಯಲ್ಲೂ ಸಿಡಿಲು ಬಡಿದಂಥ ಒಂದು ಅನಾಹುತವಿಲ್ಲ. ಒಂಬತ್ತು ಹೋಲುಗಳಲ್ಲಿ ಅಲ್ಲೊಂದು ಇಲ್ಲೊಂದು ಸೋರಿಹೋದದ್ದು. ಮೈದಾನ ಯಾರನ್ನೂ ಮುಳುಗಿಸಲಿಲ್ಲ, ಗಟ್ಟಿಯಾಗಿ ಹೊಡೆಯುವವನಿಗಿಂತ ಲೆಕ್ಕ ಹಾಕಿ ಹೊಡೆಯುವವನಿಗೆ ಮಣೆ ಹಾಕಿತು. ಗೆದ್ದವರ ಹೆಸರು ಸಣ್ಣದೆಂದು ಪರೀಕ್ಷೆ ಸುಳ್ಳಾಗುವುದಿಲ್ಲ. ಕ್ಯಾಸ್ಪರ್ ಅಂತೂ ಯಾವ ಕಾಲಕ್ಕೂ ಸಣ್ಣವನಾಗಿರಲಿಲ್ಲ.

ಇನ್ನೊಂದು ಆಕ್ಷೇಪ ಕೆರೆಯ ಆಚೆ ದಡದಿಂದಲೇ ಬರುತ್ತದೆ, ಅದು ಹೆಚ್ಚು ತೂಕದ್ದು. ಎದುರಿಗೆ ಹಾರ್ಡಿಂಗ್ ಪಾರ್ಕ್ ಇದೆ. ಅದೂ ವಾಟ್ಸನ್, ವೈಟಿಂಗ್ ಅವರದೇ ಕೆಲಸ, 1925ರಲ್ಲಿ ತೆರೆದದ್ದು, ನಗರಸಭೆಯ ಸಾರ್ವಜನಿಕ ಮೈದಾನ. ಅಲ್ಲಿ ಕೊನೆಯ ಹೋಲುಗಳು ಕೆರೆಯಂಚಿನಲ್ಲೇ ಸಾಗುತ್ತವೆ. ಹದಿನೆಂಟರ ಡ್ರೈವ್ ಕೆರೆಯ ಒಂದು ಚಾಚಿನ ಮೇಲೆ ಹಾರಿ ಹೋಗಬೇಕು. 2020ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಕಾಲಿನ್ ಮೊರಿಕಾವಾ ಗೆದ್ದದ್ದು ಅದೇ ದಂಡೆಯಲ್ಲಿ, ಹದಿನಾರನೇ ಪಾರ್ ನಾಲ್ಕರಲ್ಲಿ ಒಂದೇ ಏಟಿಗೆ ಗ್ರೀನ್ ಮುಟ್ಟಿಸಿ. ಅದೇ ಕೆರೆ, ಅದೇ ಕೈಗಳು, ನೀರನ್ನು ಬಳಸಿಕೊಂಡೂ ಸೊಗಸಾಗಿದೆಯಲ್ಲ? ಒಪ್ಪಬೇಕಾದ್ದೇ. ಆದರೆ ಆ ನೀರು ಇರುವ ಬಗೆ ಬೇರೆ. ಹದಿನೆಂಟರಲ್ಲಿ ಕೆರೆ ಓರೆಯಾಗಿ ಚಾಚಿದೆ. ಎಷ್ಟು ನೀರು ದಾಟಬೇಕು ಎಂಬುದನ್ನು ಆಡುವವನೇ ಗೊತ್ತುಮಾಡಿಕೊಳ್ಳುತ್ತಾನೆ. ಹೆಚ್ಚು ಕತ್ತರಿಸಿದವನಿಗೆ ಗ್ರೀನ್ ಹತ್ತಿರ, ಅಂಜಿದವನಿಗೆ ಒಣ ನೆಲ ಆದರೆ ದೂರದ ದಾರಿ. ಸಾಗ್ರಾಸ್‌ನ ತಟ್ಟೆಯಂತೆ ಅದು ಹೌದು-ಅಲ್ಲಗಳ ಪ್ರಶ್ನೆಯಲ್ಲ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ: ನೀರು ಇಳಿಜಾರಿನಂತೆ ನಡೆದುಕೊಳ್ಳುವಾಗ, ಎಷ್ಟು ಧೈರ್ಯಕ್ಕೆ ಎಷ್ಟು ಫಲ ಎಂದು ಅಳೆದು ಕೊಡುವಾಗ, ಅದಕ್ಕೆ ಜಾಗ ಕೊಡಬಹುದು.

ಒಲಿಂಪಿಕ್‌ನ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಇಳಿಜಾರೂ ಅತಿಯಾದರೆ ನೀರಿನಷ್ಟೇ ಕುರುಡು. 1998ರ ಎರಡನೇ ದಿನ ಹದಿನೆಂಟರ ಗ್ರೀನ್‌ನಲ್ಲಿ ಕುಳಿಯನ್ನು ಎಂಥ ಜಾಗಕ್ಕೆ ತೋಡಿದ್ದರೆಂದರೆ, ಪೇನ್ ಸ್ಟೂವರ್ಟ್ ಎಂಟು ಅಡಿಯಿಂದ ಹೊಡೆದ ಪಟ್ ಕುಳಿಯ ಪಕ್ಕ ಸವರಿ, ನಿಲ್ಲುವಂತೆ ಮಾಡಿ, ಮತ್ತೆ ಕೆಳಮುಖವಾಗಿ ಉರುಳತೊಡಗಿತು. ಆತ ಕೈಕಟ್ಟಿ ನೋಡುತ್ತ ನಿಂತ. ಚೆಂಡು ಇಪ್ಪತ್ತೈದು ಅಡಿ ಕೆಳಗೆ ಹೋಗಿ ನಿಂತಿತು. ಸರಿಯಾದ ಹೊಡೆತಕ್ಕೂ ತಪ್ಪು ಹೊಡೆತಕ್ಕೂ ಒಂದೇ ಫಲವಾದರೆ ಅಲ್ಲಿ ವಿನ್ಯಾಸ ಸೋತಂತೆ. ಆ ಗ್ರೀನ್‌ನ ಓರೆಯನ್ನು ಆಮೇಲೆ ತಗ್ಗಿಸಿದರು, ಸರಿಯೇ ಮಾಡಿದರು. ಎರಡನೆಯದು ಮರಗಳು. ಬೋಳು ಮರಳುಗುಡ್ಡವಾಗಿದ್ದ ಜಾಗಕ್ಕೆ ಸಾವಿರಾರು ಸೈಪ್ರೆಸ್, ಪೈನ್, ನೀಲಗಿರಿ ನೆಟ್ಟರು; ಅವು ಬೆಳೆದು ಕೆರೆಯನ್ನೂ ಮರೆಮಾಡಿದವು, ಚೆಂಡನ್ನೂ ನುಂಗತೊಡಗಿದವು. 1998ರ ಕೊನೆಯ ದಿನ ಐದನೇ ಹೋಲಿನಲ್ಲಿ ಜಾನ್ಜೆನ್‌ನ ಡ್ರೈವ್ ಸೈಪ್ರೆಸ್ ಮರದಲ್ಲಿ ಸಿಕ್ಕಿಕೊಂಡಿತು. ಹುಡುಕಿ ಸೋತು ಟೀ ಕಡೆ ಹೆಜ್ಜೆ ಹಾಕುತ್ತಿದ್ದಾಗ ಅದು ತಾನಾಗಿ ಉದುರಿತು. ಆತ ಪಾರ್ ಮಾಡಿ ಕೊನೆಗೆ ಓಪನ್ ಗೆದ್ದ. 2012ರ ಕೊನೆಯ ದಿನ ಅದೇ ಹೋಲಿನಲ್ಲಿ ಲೀ ವೆಸ್ಟ್‌ವುಡ್‌ನ ಚೆಂಡೂ ಮರ ಸೇರಿತು. ದುರ್ಬೀನು ಹಿಡಿದು ಕೊಂಬೆಗಳಲ್ಲಿ ಇಣುಕಿದರೂ ಸಿಗಲಿಲ್ಲ. ಎರಡು ಹೊಡೆತ ಕಳೆದುಕೊಂಡ. ಒಂದೇ ಮರಸಾಲು ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಂದ ಕಿತ್ತುಕೊಂಡಿತು. ಇದರಲ್ಲಿ ಜಾಣ್ಮೆಯ ಪಾಲೆಷ್ಟು? ಇತ್ತೀಚೆಗೆ ಗಿಲ್ ಹ್ಯಾನ್ಸ್ ಮೈದಾನವನ್ನು ನವೀಕರಿಸುವಾಗ ಮರಗಳಿಗೂ ಕೈ ಹಾಕಿದ್ದು ನನಗೆ ಸಮಾಧಾನದ ಸಂಗತಿ.

ಇಷ್ಟು ಹೊತ್ತು ಚೆಂಡಿನ ನ್ಯಾಯ ಮಾತಾಡಿ ಕೆರೆಯ ನ್ಯಾಯ ಬಿಟ್ಟರೆ ಆಗದು. ಗಾಲ್ಫ್ ಮೈದಾನ ನೀರು ಕುಡಿಯುವ ಪ್ರಾಣಿ. ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಲ್ಲಘಟ್ಟ ಕೆರೆಯ ಅಂಗಳವೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಾಯಿತು. ಅಲ್ಲಿ ಆಟ ಎಷ್ಟು ಸೊಗಸಾಗಿದ್ದರೂ ಕೆರೆಯ ಹೆಸರು ಮಾತ್ರ ಭೂಪಟದ ಹಳೆಯ ಹಾಳೆಯಲ್ಲಿ ಉಳಿದಿದೆ. ಮರ್ಸೆಡ್‌ನಲ್ಲಿ ಕೆರೆಯನ್ನು ಯಾರೂ ಮುಚ್ಚಲಿಲ್ಲ, ಆದರೆ ಸುತ್ತಲಿನ ಮೈದಾನಗಳು ಅಂತರ್ಜಲ ಎತ್ತುತ್ತಿದ್ದ ಕಾಲದಲ್ಲಿ ಅದರ ಮಟ್ಟ ಇಳಿದು ಜನ ತಕರಾರು ಎತ್ತಿದರು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಖಾಸಗಿ ಕ್ಲಬ್ಬುಗಳು ಪಕ್ಕದ ಡೇಲಿ ಸಿಟಿಯ ಸಂಸ್ಕರಿಸಿದ ನೀರಿಗೆ ತಿರುಗಿದವು. ಕೆರೆಯನ್ನು ಆಟಕ್ಕೆ ಎಳೆಯದೆ ದೂರದಿಂದ ಗೌರವಿಸುವ ವಿನ್ಯಾಸಕ್ಕೆ ಕೆರೆಯ ನೀರನ್ನೂ ಮುಟ್ಟದ ನಲ್ಲಿಯೇ ತಕ್ಕದ್ದು.

ಒಲಿಂಪಿಕ್ ಖಾಸಗಿ ಕ್ಲಬ್ಬು, ಸದಸ್ಯರ ಕೈಹಿಡಿಯದೆ ಒಳಗೆ ಬಿಡುವುದಿಲ್ಲ. ಹಾರ್ಡಿಂಗ್ ಪಾರ್ಕಿನಲ್ಲಿ ಹಣ ಕಟ್ಟಿದ ಯಾರಾದರೂ ಆಡಬಹುದು. ಏನೂ ಕಟ್ಟದವರಿಗೆ ಕೆರೆಯನ್ನು ಸುತ್ತುವ ಸುಮಾರು ಏಳು ಕಿಲೋಮೀಟರ್ ಕಾಲುದಾರಿಯಿದೆ. ಸಂಜೆ ಆ ದಾರಿಯಲ್ಲಿ ಮಂಜು ಇಳಿಯುವ ಮುನ್ನ ಪಡುವಣ ಗುಡ್ಡದತ್ತ ನೋಡಿದರೆ ಸೈಪ್ರೆಸ್ ಸಾಲು ಕಪ್ಪಗೆ ನಿಂತಿರುತ್ತದೆ. ಅದರ ಹಿಂದೆ ಆ ದಿನ ತಪ್ಪಿದ ಚೆಂಡುಗಳು ಇದೇ ನೀರಿನ ಕಡೆಗೆ ಉರುಳಲು ಹೊರಟು ಅರ್ಧದಾರಿಯ ಹುಲ್ಲಿನಲ್ಲಿ ನಿಂತಿರುತ್ತವೆ.