ಸೊದೋಮಿನ ಉಪ್ಪಿನ ಬೆಟ್ಟ

ಇಸ್ರೇಲಿನಲ್ಲಿ, ಮೃತ ಸಮುದ್ರದ ನೈಋತ್ಯ ದಂಡೆಯಲ್ಲಿ, ಸುಮಾರು 8 ಕಿ.ಮೀ. ಉದ್ದದ ಉಪ್ಪಿನ ಬೆಟ್ಟವಿದೆ. ಹೆಸರು ಸೊದೋಮ್. ಅಲ್ಲಿನ ಒಂಟಿ ಕಂಬವೇ ಉಪ್ಪಾಗಿಹೋದ ಲೋಟನ ಹೆಂಡತಿಯಂತೆ. ನಮ್ಮಲ್ಲಿ ಊರೂರಿಗೂ ಭೀಮನ ಹೆಜ್ಜೆ ಇರುವ ಹಾಗೆ!

ಸೊದೋಮಿನ ಗಂಡಸರು ಲೋಟನ ಮನೆಗೆ ಬಂದ ಅತಿಥಿಗಳ ಮೇಲೆ ಬಲಾತ್ಕಾರಕ್ಕೆ ಮುಗಿಬಿದ್ದರು, ದೇವರು ಊರನ್ನೇ ಸುಟ್ಟ ಎನ್ನುತ್ತದೆ ಬೈಬಲಿನ ಆದಿಕಾಂಡ. ಸಲಿಂಗಪ್ರೇಮಿಗಳನ್ನು ಹಳಿಯುವವರು ಶತಮಾನಗಳಿಂದ ಎತ್ತಿ ಆಡುವುದು ಇದನ್ನೇ. ಇಂಗ್ಲೆಂಡಿನ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಮರಣದಂಡನೆಗೆ ಈ ಬೆಂಕಿಯನ್ನೇ ಸಮರ್ಥನೆಯಾಗಿ ಕೊಟ್ಟ. 1835ರಲ್ಲಿ ಲಂಡನ್ನಿನಲ್ಲಿ ಇಬ್ಬರನ್ನು ನೇಣಿಗೇರಿಸಲಾಯಿತು.

ಅದೇ ಬೈಬಲಿನಲ್ಲಿ ಯೆಹೆಜ್ಕೇಲನ ಪುಸ್ತಕವೂ ಉಂಟು. ಹಳಿಯುವವರು ಅದನ್ನು ತೆರೆಯುವುದು ಅಪರೂಪ. ಅದರ 16ನೇ ಅಧ್ಯಾಯ ಸೊದೋಮಿನ ಮೇಲೆ ಹೊರಿಸುವ ತಪ್ಪು ಗರ್ವ, ಹೊಟ್ಟೆ ತುಂಬಿದವರ ಸೊಕ್ಕು, ಬಡವರಿಗೆ ಕೈ ನೀಡದಿದ್ದುದು. ಅಸಹ್ಯ ಕೃತ್ಯಗಳೆಂದೂ ಸೇರಿಸುತ್ತದೆ, ನಿಜ. ಯಾವುವೆಂದು ಬಿಡಿಸಿ ಹೇಳುವುದಿಲ್ಲ.