ಸಂಬಳ ಎಷ್ಟು ಅಂದ್ರೆ ಏನು ಹೇಳಲಿ?

ಮೊಳಕಾಲ್ಮೂರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಬೆಂಗಳೂರಾಗೆ ಸಂಬಳ ಎಷ್ಟು ಬರ್ತದಪ್ಪಾ?" ಮೊದಲೆಲ್ಲ ಥಟ್ಟನೆ ಹೇಳಿಬಿಡ್ತಿದ್ದೆ. ಈಗ ಒಂದು ಕ್ಷಣ ಯೋಚಿಸ್ತೀನಿ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗದ ಸದ್ದಿನಲ್ಲೇ ಬೆಳೆದೆ. ಚಳ್ಳಕೆರೆಯಲ್ಲಿ ಐಟಿಐ ಮುಗಿಸಿ, ಹಿರಿಯೂರು, ಸಿರಾ, ತುಮಕೂರು ದಾಟಿ ಪೀಣ್ಯಕ್ಕೆ ಬಂದಿಳಿದಿದ್ದು 2018ರಲ್ಲಿ. ಸಿಎನ್‌ಸಿ ಆಪರೇಟರ್ ಕೆಲಸ, ಕೈಗೆ ಹನ್ನೊಂದು ಸಾವಿರ. ರಾತ್ರಿ ಪಾಳಿ ಮುಗಿದ ಮೇಲೆ ಕೂತು ಪ್ರೋಗ್ರಾಮಿಂಗ್ ಕಲಿತೆ.

ಈ ಕೆಲಸದಲ್ಲಿ ಒಂದು ಚುಕ್ಕೆಗೂ ಬೆಲೆಯಿದೆ. ನಮ್ಮ ಮಷೀನಿನಲ್ಲಿ Z50. ಅಂತ ಬರೆದರೆ ಟೂಲ್ 50 ಮಿಲಿಮೀಟರ್ ಮೇಲೆ ನಿಲ್ಲುತ್ತೆ. ಚುಕ್ಕೆ ಮರೆತರೆ ಅದೇ 50 ಮೈಕ್ರಾನ್, ಅಂದ್ರೆ ಕೂದಲಿನಷ್ಟು ಎತ್ತರ! ಆಮೇಲೆ ಜೋರಾಗಿ ಪಕ್ಕಕ್ಕೆ ಸರಿದ ಟೂಲ್ ಕ್ಲ್ಯಾಂಪಿಗೆ ಹೊಡೆಯುತ್ತೆ. ಒಮ್ಮೆ ನಾನೇ ಹಾಗೆ ಮಾಡಿ ಎರಡು ದಿನ ಊಟ ಸೇರಿರಲಿಲ್ಲ.

2022ರಲ್ಲಿ ನನ್ನ ಸಂಬಳ 20,500. ಪಿಎಫ್ 1,800, ಇಎಸ್‌ಐ 154, ವೃತ್ತಿ ತೆರಿಗೆ 200 ಕಳೆದು ಕೈಗೆ 18,346. ಆ ವರ್ಷ ಇನ್‌ಕ್ರಿಮೆಂಟ್ ಬಂತು: 24,000! ಕೈಗೆ 22,000. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿದೆ.

ಮರುದಿನ ಜೊತೆಗಾರನೊಬ್ಬ ಹೇಳಿದ, "ಇಎಸ್‌ಐ ಹೋಗುತ್ತಲ್ಲೋ." ಇಎಸ್‌ಐ ಮಿತಿ 21,000. ಅದನ್ನ ದಾಟಿದರೆ, ನಡೀತಿರೋ ಅವಧಿ ಮುಗಿದ ಮೇಲೆ ಹೊಸದಾಗಿ ವಂತಿಗೆ ಕಟ್ಟುವ ಹಾಗಿಲ್ಲ, ಸ್ವಲ್ಪ ತಿಂಗಳಲ್ಲಿ ಚಿಕಿತ್ಸೆಯ ಸೌಲಭ್ಯವೂ ನಿಲ್ಲುತ್ತೆ. ಆ ಕಾರ್ಡಿನಲ್ಲಿ ಅಪ್ಪ-ಅಮ್ಮ ಇದ್ದರು. ಅಪ್ಪನ ಕಣ್ಣಿನ ಪೊರೆ ಆಪರೇಷನ್ ಅದರಲ್ಲೇ ಆಗಿತ್ತು, ಒಂದು ರೂಪಾಯಿ ಖರ್ಚಿಲ್ಲದೆ. ಮಗ್ಗದ ಮುಂದೆ ಎಳೆ ಕಾಣೋದು ಆ ಕಣ್ಣಿಂದಲೇ.

ಹೊರಗೆ ಇನ್ಶೂರೆನ್ಸ್ ವಿಚಾರಿಸಿದೆ. ಇಬ್ಬರಿಗೂ ಸೇರಿ ವರ್ಷಕ್ಕೆ ಮೂವತ್ತು ಸಾವಿರ, ಅದರ ಮೇಲೆ ಅಪ್ಪನ ಶುಗರ್‌ಗೆ ಕೆಲವು ವರ್ಷ ಕಾಯಬೇಕು. ಲೆಕ್ಕ ಹಾಕಿದೆ. ಕೈಗೆ ಹೆಚ್ಚಾಗಿದ್ದು 3,654, ಪ್ರೀಮಿಯಂ ತಿಂಗಳಿಗೆ 2,500. ಉಳಿದಿದ್ದು ಸಾವಿರ ಚಿಲ್ಲರೆ. ಇನ್‌ಕ್ರಿಮೆಂಟ್ ಬೇಡ ಅಂತ ಹೇಳಿಬಿಡೋಣ ಅನ್ನಿಸಿತು, ನಿಜವಾಗಲೂ.

ಅಪ್ಪನಿಗೆ ಹೇಳಿದೆ. ಅವರು ನಕ್ಕರು. "ಕೊಟ್ಟಿದ್ದು ಬ್ಯಾಡ ಅಂದ್ರೆ ಮುಂದಿನ ವರ್ಷ ನಿನ್ನ ಯಾರು ಕೇಳ್ತಾರೆ? ತಗೋ. ನನ್ನ ಕಣ್ಣು ಹೆಂಗೂ ಸರಿ ಆಗೈತಲ್ಲ."

ತಗೊಂಡೆ. ಪಾಲಿಸಿಯನ್ನೂ ಮಾಡಿಸಿದೆ. ಮುಂದಿನ ಕೆಲಸಕ್ಕೆ ಇಂಟರ್‌ವ್ಯೂ ಹೋದಾಗ ಸಂಬಳಕ್ಕಿಂತ ಮೊದಲು ಕೇಳಿದ್ದು, "ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ-ಅಮ್ಮ ಸೇರ್ತಾರಾ?" ಸೇರ್ತಾರೆ ಅಂದ ಕಡೆ ಸಾವಿರ ರೂಪಾಯಿ ಕಡಿಮೆಗೇ ಒಪ್ಪಿಕೊಂಡೆ.

ನಿಮಗೂ ಇನ್‌ಕ್ರಿಮೆಂಟ್ ಪತ್ರ ಬಂದಿದ್ರೆ ಮೇಲಿನ ಅಂಕಿ ನೋಡಿ ಸ್ಟೇಟಸ್ ಹಾಕೋ ಮೊದಲು ಕೆಳಗಿನ ಸಾಲುಗಳನ್ನೂ ಓದಿ. ಏನು ಸೇರಿತು, ಏನು ಬಿಟ್ಟುಹೋಯ್ತು ಅಂತ ಎಚ್‌ಆರ್ ಹತ್ರ ಕೇಳಿ. ನಾಚಿಕೆ ಬೇಡ.

ಮೊನ್ನೆ ಊರಿಗೆ ಹೋದಾಗ ಸೋದರಮಾವ ಮತ್ತೆ ಸಂಬಳ ಕೇಳಿದರು. ಹೇಳಿದೆ. "ಅಷ್ಟೇನಾ?" ಅಂದರು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಅಪ್ಪ ತಲೆ ಎತ್ತದೆ ಅಂದರು, "ನಮ್ಮಿಬ್ಬರ ಆಸ್ಪತ್ರೆ ಖರ್ಚೂ ಅದರಾಗೇ ಐತೆ."